ಸೂರಿಲ್ಲದವರ ದಾಖಲೆ ಬರೆಯಬೇಕಾದವರು ಯಾರು?



ಮನೆ ಕಂದಾಯ ಕಟ್ಟಿದ ರಸೀದಿ ನಿಮ್ಮಲ್ಲಿದ್ದರೆ ಬಿಡುವಾದಾಗ ಒಮ್ಮೆ ತೆಗೆದು ಓದಿ. ತೆರಿಗೆಯ ಮೊತ್ತದ ಕೆಳಗೆ ಆರೋಗ್ಯ ಕರ ಇರುತ್ತದೆ. ಗ್ರಂಥಾಲಯ ಕರ ಇರುತ್ತದೆ. ಅವುಗಳ ಜೊತೆಗೆ ಭಿಕ್ಷುಕರ ಕರ ಎಂದು ಇನ್ನೊಂದು ಸಾಲು. ನೂರು ರೂಪಾಯಿ ತೆರಿಗೆಗೆ ಮೂರು ರೂಪಾಯಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಈ ಕರವನ್ನು ಹಾಕಿದೆ. ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲಿ ಮಾಡಿ ಕೇಂದ್ರ ಪರಿಹಾರ ಸಮಿತಿಗೆ ಕಳಿಸಬೇಕು. ನಿರಾಶ್ರಿತರ ಪರಿಹಾರ ಕೇಂದ್ರಗಳ ಖರ್ಚಿಗೆ ಈ ಹಣ.

ಅಂದರೆ ಸೂರಿಲ್ಲದವರ ಸಹಾಯಕ್ಕೆ ನಾವೆಲ್ಲ ದುಡ್ಡು ಕೊಡುತ್ತಿದ್ದೇವೆ. ತುರುವೇಕೆರೆಯಲ್ಲಿ ಒಂದು ಅಂಕಣದ ಮನೆಯಿದ್ದವರೂ ಕೊಡುತ್ತಾರೆ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರೂ ಕೊಡುತ್ತಾರೆ. ಕೊಟ್ಟ ಮೇಲೆ ಕೇಳುವ ಹಕ್ಕೂ ಇದೆ. ಆ ಹಣ ಯಾರಿಗೆ ತಲುಪಿತು? ಎಲ್ಲಿ ಬರೆದಿಟ್ಟಿದ್ದೀರಿ? ಆ ಪುಸ್ತಕ ತೋರಿಸಿ.

ಇವತ್ತಿನ ಮಾತು ಆ ಪುಸ್ತಕದ ಬಗ್ಗೆ. ಸರ್ಕಾರದ ಹಣದಿಂದ ಸೂರಿಲ್ಲದವರಿಗೆ ನೆರವು ಕೊಡುವಾಗ ಯಾವ ದಾಖಲೆ ಇರಬೇಕು, ಅದನ್ನು ಬರೆಯುವ ಹೊಣೆ ಯಾರದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬರೆಯುವ ಹೊಣೆ ನೆರವು ಕೊಡುವವರದು. ಮಳೆಯಲ್ಲಿ ನೆನೆದು ಬಂದವರ ಮೇಲೆ ಆ ಹೊಣೆ ಹೊರಿಸಬಾರದು.

ಮೊದಲಿಗೆ, ಸೂರಿಲ್ಲದವರು ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆ ಇದ್ದಾರೆಯೇ? ಅದು ಬೆಂಗಳೂರಿನ ಮೇಲ್ಸೇತುವೆಗಳ ಕೆಳಗಿನ ಕಷ್ಟ, ತೆಂಗಿನ ಸೀಮೆಗೆ ಸಂಬಂಧವಿಲ್ಲ ಎಂದು ಹಲವರು ತಿಳಿದಿದ್ದಾರೆ. ರಾತ್ರಿ ಹತ್ತರ ಮೇಲೆ ತಿಪಟೂರಿನ ರೈಲು ನಿಲ್ದಾಣದ ಕಡೆ, ಬಸ್ ನಿಲ್ದಾಣದ ಕಡೆ ಹೋಗಿ ಬಂದವರಿಗೆ ಬೇರೆ ವಿಷಯ ಗೊತ್ತಿರುತ್ತದೆ. ಅಂಗಡಿಗಳ ಕದ ಹಾಕಿದ ಮೇಲೆ ಜಗಲಿಯ ಮೇಲೆ ಮಲಗುವವರು ಇದ್ದಾರೆ. ದೇವಸ್ಥಾನದ ಮಂಟಪದಲ್ಲಿ ಮಲಗುವ ವಯಸ್ಸಾದ ಹೆಂಗಸರು ಇದ್ದಾರೆ. ಊರಾಚೆ ಟಾರ್ಪಾಲು ಕಟ್ಟಿಕೊಂಡ ಅಲೆಮಾರಿ ಕುಟುಂಬಗಳು ಇವೆ. ಇವತ್ತು ಹುಳಿಯಾರಿನಲ್ಲಿ ಇದ್ದವರು ಮುಂದಿನ ತಿಂಗಳು ಮಾಯಸಂದ್ರದ ಕಡೆ ಇರುತ್ತಾರೆ. ಇನ್ನು ಕಣ್ಣಿಗೆ ಬೀಳದವರು ಕಾಯಿ ಸುಲಿಯುವವರು, ತೋಟದ ಆಳುಗಳು. ತೋಟದ ಮಾಲೀಕರ ಶೆಡ್ಡಿನಲ್ಲಿ ಸಂಸಾರ ಇರುತ್ತದೆ. ಕೆಲಸ ಇರುವತನಕ ಸೂರು. ಮಾಲೀಕರು ಬೇಡ ಎಂದ ದಿನ ಪಾತ್ರೆ ಸಾಮಾನು ರಸ್ತೆಗೆ.

2011ರ ಜನಗಣತಿ ಸೂರಿಲ್ಲದವರನ್ನು ಪ್ರತ್ಯೇಕವಾಗಿ ಎಣಿಸಿತು. ಆ ವರ್ಷದ ಫೆಬ್ರವರಿ 28ರ ಒಂದು ರಾತ್ರಿ ಎಣಿಕೆ ನಡೆಯಿತು. ರಸ್ತೆ ಬದಿ, ರೈಲು ನಿಲ್ದಾಣ, ಮೋರಿ ಕೊಳವೆ, ಗುಡಿಯ ಮಂಟಪ, ಹೀಗೆ ಮನೆಯೆಂದು ಕರೆಯಲಾಗದ ಜಾಗದಲ್ಲಿ ಮಲಗಿದವರ ಲೆಕ್ಕ. ದೇಶದಲ್ಲಿ ಸುಮಾರು ಹದಿನೇಳೂ ಮುಕ್ಕಾಲು ಲಕ್ಷ ಜನ ಸಿಕ್ಕರು. ಕರ್ನಾಟಕದಲ್ಲಿ ಸುಮಾರು 77 ಸಾವಿರ. ತೋಟದ ಶೆಡ್ಡಿನ ಸಂಸಾರ ಈ ಲೆಕ್ಕಕ್ಕೆ ಬರುವುದಿಲ್ಲ. ತಲೆಯ ಮೇಲೆ ತಗಡು ಇದೆಯಲ್ಲ! ಆ ರಾತ್ರಿ ಜಾತ್ರೆಗೆಂದು ಹೊರಟು ದಾರಿಯಲ್ಲಿದ್ದ ಅಲೆಮಾರಿಗಳು ಎಷ್ಟು ಮಂದಿ ಸಿಕ್ಕಿರಬಹುದು, ನೀವೇ ಯೋಚಿಸಿ.

ಹಾಗಾದರೆ ಸೂರಿಲ್ಲದವರು ನಮ್ಮಲ್ಲೂ ಇದ್ದಾರೆ, ಅವರಲ್ಲಿ ಕೆಲವರು ಎಣಿಕೆಗೆ ಸಿಕ್ಕಿದ್ದಾರೆ, ಕೆಲವರು ಸಿಕ್ಕಿಲ್ಲ. ಇಷ್ಟು ಇಟ್ಟುಕೊಂಡು ಮುಂದೆ ಹೋಗೋಣ. ಸರ್ಕಾರ ಅವರಿಗಾಗಿ ಏನು ಮಾಡುತ್ತದೆ?

ಪಟ್ಟಣಗಳಲ್ಲಿ ರಾತ್ರಿ ತಂಗುದಾಣ, ಹಳ್ಳಿಗಳಲ್ಲಿ ಮನೆ. ಎರಡು ದಾರಿ. ಮೊದಲು ಪಟ್ಟಣದ ದಾರಿ ನೋಡೋಣ.

2009ರ ಕೊನೆಯಲ್ಲಿ, ಕೊರೆಯುವ ಚಳಿಯಲ್ಲಿ, ದೆಹಲಿಯಲ್ಲಿ ಒಂದು ತಾತ್ಕಾಲಿಕ ತಂಗುದಾಣವನ್ನು ತೆರವು ಮಾಡಿದರು. ಬೀದಿಗೆ ಬಿದ್ದವರು ಸತ್ತ ಸುದ್ದಿ ಬಂತು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ನೇಮಿಸಿದ್ದ ಆಯುಕ್ತರು 2010ರ ಜನವರಿಯಲ್ಲಿ ಕೋರ್ಟಿಗೆ ಪತ್ರ ಬರೆದರು. ಕೋರ್ಟು ದೊಡ್ಡ ನಗರಗಳಿಗೆ ಆದೇಶ ಕೊಟ್ಟಿತು. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದು ತಂಗುದಾಣ ಇರಬೇಕು. ಚಳಿಗಾಲಕ್ಕಷ್ಟೇ ಸಾಲದು, ವರ್ಷವಿಡೀ, ಹಗಲೂ ರಾತ್ರಿ ತೆರೆದಿರಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಇದನ್ನು ಯೋಜನೆಯಾಗಿ ಮಾಡಿತು. ಲಕ್ಷ ಜನಸಂಖ್ಯೆಗೆ ಐವತ್ತರಿಂದ ನೂರು ಜನ ಇರಬಹುದಾದ ಕಟ್ಟಡ. ತಲೆಗೆ ಸುಮಾರು 50 ಚದರ ಅಡಿ. ಒಂದು ಮಂಚ ಹಾಕಿ, ಪಕ್ಕದಲ್ಲಿ ಪೆಟ್ಟಿಗೆ ಇಟ್ಟು, ಓಡಾಡಲು ಒಂದಿಷ್ಟು ಉಳಿಯುವ ಜಾಗ.

ಈಗ ನಮ್ಮ ಮೂರು ಊರುಗಳ ಲೆಕ್ಕ ಹಾಕಿ. 2011ರ ಗಣತಿಯಲ್ಲಿ ತಿಪಟೂರು ನಗರಸಭೆಯಲ್ಲಿ ಸುಮಾರು 60 ಸಾವಿರ ಜನ. ಚಿಕ್ಕನಾಯಕನಹಳ್ಳಿ ಪುರಸಭೆಯಲ್ಲಿ ಸುಮಾರು 23 ಸಾವಿರ. ತುರುವೇಕೆರೆ ಪಟ್ಟಣ ಪಂಚಾಯಿತಿಯಲ್ಲಿ ಸುಮಾರು 14 ಸಾವಿರ. ಮೂರನ್ನೂ ಕೂಡಿಸಿದರೆ ಲಕ್ಷಕ್ಕೆ ಒಂದಿಷ್ಟು ಕಡಿಮೆ. ಲಕ್ಷದ ಅಳತೆಗೋಲು ಹಿಡಿದರೆ ತುರುವೇಕೆರೆಯ ಬಸ್ ನಿಲ್ದಾಣದಲ್ಲಿ ಮಲಗಿದವರು ಯಾವ ಪುಸ್ತಕಕ್ಕೂ ಬರುವುದಿಲ್ಲ. ಸಣ್ಣ ಊರಿನ ನಿರಾಶ್ರಿತರಿಗೆ ಆಗುವ ಮೊದಲ ಅನ್ಯಾಯ ಇದು. ಅವರನ್ನು ಯಾರೂ ಹೊರಗೆ ಹಾಕಿಲ್ಲ. ಒಳಗೆ ಬರೆದುಕೊಳ್ಳಲು ಪುಸ್ತಕವನ್ನೇ ತೆರೆದಿಲ್ಲ. ಲಕ್ಷ ತುಂಬದ ಊರಿನಲ್ಲೂ ಮುಖ್ಯಾಧಿಕಾರಿಗಳು ಒಂದು ಪಟ್ಟಿ ಇಡಬಹುದಲ್ಲ. ಊರಿನಲ್ಲಿ ಸೂರಿಲ್ಲದೆ ಮಲಗುವವರು ಯಾರು, ಎಲ್ಲಿ, ಎಂದಿನಿಂದ. ಅದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಒಂದು ನೋಟ್‌ಬುಕ್ಕು, ರಾತ್ರಿ ಒಂದು ಸುತ್ತು ಹೋಗಿಬರುವ ಮನಸ್ಸು ಸಾಕು.

ತಂಗುದಾಣ ಇರುವ ದೊಡ್ಡ ಊರುಗಳಲ್ಲಿ ಏನೇನು ಬರೆದಿಡಬೇಕು? ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಹಲವು ಪುಸ್ತಕಗಳನ್ನು ಹೇಳಿತ್ತು. ತಂಗಿದವರ ಹಾಜರಿ ಪುಸ್ತಕ, ಆರೋಗ್ಯದ ಪುಸ್ತಕ, ಸಿಬ್ಬಂದಿ ಮತ್ತು ಸಂಬಳದ ಪುಸ್ತಕ, ದಾಸ್ತಾನು, ಜಮಾಖರ್ಚು, ದೂರು ಸಲಹೆಯ ಪುಸ್ತಕ, ನೋಡಲು ಬಂದವರ ಪುಸ್ತಕ, ಸಮಿತಿ ಸಭೆಯ ನಡಾವಳಿ. ಕೇಳಿದರೆ ಗುಮಾಸ್ತಿಕೆ ಅನ್ನಿಸುತ್ತದೆ. ಆದರೆ ಪ್ರತಿ ಪುಸ್ತಕದ ಹಿಂದೆ ಒಂದು ಜೀವದ ಪ್ರಶ್ನೆ ಇದೆ.

ಹಾಜರಿ ಪುಸ್ತಕವನ್ನೇ ತೆಗೆದುಕೊಳ್ಳಿ. ಹೆಸರು, ಅಂದಾಜು ವಯಸ್ಸು, ಯಾವ ಊರಿನವರು, ಯಾವತ್ತು ಬಂದರು, ಯಾವತ್ತು ಹೋದರು, ಎಲ್ಲಿಗೆ ಹೋದರು. ಹೋದ ದಿನದ ಕಲಂ ಬಹಳ ಮುಖ್ಯ. ಬಂದದ್ದನ್ನು ಎಲ್ಲರೂ ಬರೆಯುತ್ತಾರೆ, ಅನುದಾನ ಬರುವುದು ಅದಕ್ಕೇ. ಹೋದದ್ದನ್ನು ಬರೆಯದಿದ್ದರೆ ಆ ಮನುಷ್ಯ ಕೆಲಸ ಸಿಕ್ಕಿ ಹೋದನೋ, ಊರಿಗೆ ಮರಳಿದನೋ, ಆಸ್ಪತ್ರೆಗೆ ಸೇರಿದನೋ, ತಿಳಿಯುವುದೇ ಇಲ್ಲ. ಒಂದು ವರ್ಷದಲ್ಲಿ ತಂಗುದಾಣದಿಂದ ಎಷ್ಟು ಜನ ತಮ್ಮ ಕಾಲ ಮೇಲೆ ನಿಂತರು ಎಂಬುದಕ್ಕೆ ಉತ್ತರ ಆ ಕೊನೆಯ ಕಲಮಿನಲ್ಲಿದೆ.

ಮೋಸ ಹಿಡಿಯುವುದೂ ಪುಸ್ತಕಗಳಿಂದಲೇ. ಹಾಜರಿಯಲ್ಲಿ ದಿನವೂ ಐವತ್ತು ಹೆಸರು ಇದೆ ಎನ್ನಿ. ದಾಸ್ತಾನಿನಲ್ಲಿ ಕಂಬಳಿ ಇಪ್ಪತ್ತೇ ಇದ್ದರೆ? ಅಕ್ಕಿಯ ಬಿಲ್ಲು ಹದಿನೈದು ಜನಕ್ಕೆ ಸಾಲುವಷ್ಟೇ ಇದ್ದರೆ? ಮೂರು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಕನಿಷ್ಠ ಮೂವತ್ತು ಜನ ಕಾಗದದ ಮೇಲೆ ಮಾತ್ರ ಮಲಗಿದವರು ಎಂದು ಗೊತ್ತಾಗುತ್ತದೆ. 2016ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಅದಕ್ಕೆ ಕೊಟ್ಟ ಕೆಲಸ ಇಂಥದ್ದೇ. ರಾಜ್ಯಗಳಲ್ಲಿ ತಂಗುದಾಣಗಳು ನಿಜವಾಗಿ ಇವೆಯೇ ನೋಡಿ, ಕೆಲಸ ಯಾಕೆ ಕುಂಟುತ್ತಿದೆ ಹೇಳಿ, ಕೊಟ್ಟ ಹಣ ಖರ್ಚಾಗದೆ ಉಳಿಯಿತೋ ಬೇರೆ ಕಡೆ ಹೋಯಿತೋ ವಿಚಾರಿಸಿ.

ಆರೋಗ್ಯದ ಪುಸ್ತಕದ ಬೆಲೆ ತಿಳಿಯಲು ಬೆಂಗಳೂರಿನ ಮಾಗಡಿ ರಸ್ತೆಗೆ ಹೋಗಬೇಕು. ಅಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಇದೆ. ನಾನು ಮೊದಲು ಹೇಳಿದ ಕರದ ಹಣ ಹೋಗುವ ಕೇಂದ್ರ. 2010ರ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗೆ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ರಾಜ್ಯವೇ ತಲ್ಲಣಿಸಿತು. ಅಂಥ ಹೊತ್ತಿನಲ್ಲಿ ಎದ್ದು ನಿಲ್ಲುವ ಪ್ರಶ್ನೆಗಳನ್ನು ಯೋಚಿಸಿ. ಸತ್ತವರು ಯಾರು? ಅವರನ್ನು ಎಲ್ಲಿಂದ ಕರೆತಂದರು? ಬಂದ ದಿನ ಡಾಕ್ಟರು ನೋಡಿದರೇ? ಕಾಯಿಲೆ ಯಾವತ್ತು ಶುರುವಾಯಿತು? ಮೊದಲನೆಯವರು ಮಲಗಿದ ದಿನವೇ ಬರೆದಿಟ್ಟು, ಸಂಜೆ ಯಾರಾದರೂ ಆ ಪುಟ ಓದಿದ್ದರೆ, ಇಪ್ಪತ್ತನೆಯವರ ತನಕ ಹೋಗುವ ಮೊದಲು ಎಚ್ಚರ ಆಗಲು ಅವಕಾಶ ಇರುತ್ತದೆ. ಊರು, ಹೆಸರು, ಬಂಧುಗಳ ವಿವರ ಪುಸ್ತಕದಲ್ಲಿದ್ದರೆ ಎಲ್ಲೋ ದೂರದ ಹಳ್ಳಿಯಲ್ಲಿ ಕಾಯುತ್ತಿರುವ ತಾಯಿಗೆ ಸುದ್ದಿಯಾದರೂ ಮುಟ್ಟುತ್ತದೆ. ಇಲ್ಲದಿದ್ದರೆ ಅನಾಮಧೇಯ ಗಂಡಸು, ಸುಮಾರು ಐವತ್ತು ವರ್ಷ. ಅಷ್ಟೇ.

ಇಲ್ಲಿಯವರೆಗೆ ತಂಗುದಾಣ ಇಡಬೇಕಾದ ಪುಸ್ತಕಗಳನ್ನು ನೋಡಿದೆವು. ಬಂದದ್ದು, ಹೋದದ್ದು, ಕಾಯಿಲೆ, ಖರ್ಚು. ಬರೆಯುವವರು ಒಳಗೆ ಕುಳಿತ ಸಿಬ್ಬಂದಿ. ಈಗ ಬಾಗಿಲಾಚೆ ನಿಂತವರ ಕಡೆ ತಿರುಗೋಣ. ಅವರ ಕೈಯಲ್ಲಿ ಕಾಗದ ಇರಬೇಕೇ?

ಕಾಗದ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ತೆಂಗು ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಬೆಂಬಲ ಬೆಲೆಗೆ ಕೊಬ್ಬರಿ ಹಾಕಬೇಕಾದರೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ, ಬೇಕು. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದ್ದರೆ, ಅಣ್ಣತಮ್ಮಂದಿರ ಖಾತೆ ಬೇರೆಯಾಗಿರದಿದ್ದರೆ, ಅಟ್ಟದ ತುಂಬ ಕೊಬ್ಬರಿ ಇದ್ದರೂ ನೋಂದಣಿ ಆಗುವುದಿಲ್ಲ. ಜಮೀನು, ತೋಟ, ಮನೆ ಎಲ್ಲ ಇರುವವರ ಪಾಡೇ ಹೀಗೆ. ಇನ್ನು ಏನೂ ಇಲ್ಲದವರ ಪಾಡು?

ಒಬ್ಬ ಹೆಣ್ಣುಮಗಳು ಇದ್ದಾಳೆ ಅಂತಿಟ್ಟುಕೊಳ್ಳಿ. ಗಂಡ ತೀರಿಕೊಂಡ ಮೇಲೆ ತೋಟದ ಶೆಡ್ಡು ಬಿಡಬೇಕಾಯಿತು. ಎರಡು ಮಕ್ಕಳು. ಹಳೆಯ ರೇಷನ್ ಕಾರ್ಡು ಬೇರೆ ತಾಲ್ಲೂಕಿನದು. ನೆರವು ಕೇಳಲು ಹೋದರೆ ಆದಾಯ ಪ್ರಮಾಣಪತ್ರ ತಾ ಎನ್ನುತ್ತಾರೆ. ಅದಕ್ಕೆ ಹೋದರೆ ವಿಳಾಸ ತೋರಿಸು ಎನ್ನುತ್ತಾರೆ. ವಿಳಾಸಕ್ಕೆ ರೇಷನ್ ಕಾರ್ಡು. ರೇಷನ್ ಕಾರ್ಡಿಗೆ ಮನೆ. ಆಕೆ ಕೇಳಲು ಹೋದದ್ದೇ ಮನೆ. ಇದು ಯಾರೋ ಒಬ್ಬ ಕೆಟ್ಟ ನೌಕರನ ತಪ್ಪಲ್ಲ. ಅವರವರ ಕಿಟಕಿಯಲ್ಲಿ ಅವರವರ ನಿಯಮ ಸರಿಯಾಗಿಯೇ ಇದೆ. ಕಿಟಕಿಯಿಂದ ಕಿಟಕಿಗೆ ಅಲೆಯುವ ಕೆಲಸ ಮಾತ್ರ ಆಕೆಯ ಪಾಲಿಗೆ.

ಬೇರೆ ದೇಶದವರು ಇದನ್ನು ಹೇಗೆ ಬಿಡಿಸಿದ್ದಾರೆ ನೋಡೋಣ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ವಸತಿ ಇಲಾಖೆ 2011ರ ಡಿಸೆಂಬರಿನಲ್ಲಿ ಒಂದು ನಿಯಮ ಹೊರಡಿಸಿತು. ಸರ್ಕಾರದ ಹಣ ಪಡೆಯುವ ಸಂಸ್ಥೆ, ತಾನು ನೆರವು ಕೊಟ್ಟವರು ನಿಜಕ್ಕೂ ಸೂರಿಲ್ಲದವರು ಎಂಬುದಕ್ಕೆ ದಾಖಲೆ ಇಡಬೇಕು. ಆ ದಾಖಲೆಗೆ ಮೂರು ಮೆಟ್ಟಿಲು. ಮೊದಲು, ಬೇರೆಯವರು ಕೊಟ್ಟ ಬರಹ, ಅಂದರೆ ಆಸ್ಪತ್ರೆಯದೋ ಇನ್ನೊಂದು ತಂಗುದಾಣದ್ದೋ. ಅದು ಸಿಗದಿದ್ದರೆ ಎರಡನೆಯದು, ಸೇರಿಸಿಕೊಳ್ಳುವ ಸಿಬ್ಬಂದಿ ತಾವೇ ಕಂಡದ್ದನ್ನು ಬರೆದು ಸಹಿ ಹಾಕುವುದು. ಅದೂ ಆಗದಿದ್ದರೆ ಮೂರನೆಯದು, ಬಂದವರು ತಾವೇ ಬರೆದುಕೊಡುವ ಮಾತು. ತುರ್ತು ತಂಗುದಾಣದ ವಿಷಯದಲ್ಲಿ ಇನ್ನೂ ಒಂದು ಮಾತು ಸೇರಿಸಿದ್ದಾರೆ. ಹೊರಗಿನವರ ಕಾಗದ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ತಕ್ಷಣ ಒಳಗೆ ಸೇರಿಸಿಕೊಳ್ಳದೆ ಇರಬಾರದು. ಮೊದಲು ಒಳಗೆ ಕರೆಯಿರಿ, ಆಮೇಲೆ ಬರೆಯಿರಿ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲೇ ಇದಕ್ಕಿಂತ ಚೆಂದದ ಒಂದು ಪದ್ಧತಿ ಇದೆ. ಅದು ಚುನಾವಣಾ ಆಯೋಗದ್ದು. ಸೂರಿಲ್ಲದವರೂ ಮತದಾರರ ಪಟ್ಟಿಗೆ ಸೇರಬಹುದು. ವಿಳಾಸದ ಕಾಗದ ಬೇಕಿಲ್ಲ. ನಾನು ಇಂಥ ಜಾಗದಲ್ಲಿ ಮಲಗುತ್ತೇನೆ ಎಂದು ನಮೂನೆ 6ರಲ್ಲಿ ಬರೆದರೆ ಸಾಕು. ಆಮೇಲಿನ ಕೆಲಸ ಮತಗಟ್ಟೆ ಅಧಿಕಾರಿಯದು. ಅವರು ರಾತ್ರಿ ಹೊತ್ತು ಆ ಜಾಗಕ್ಕೆ ಹೋಗಬೇಕು. ಅರ್ಜಿ ಹಾಕಿದವರು ಅಲ್ಲಿ ಮಲಗಿದ್ದಾರೆಯೇ ಕಣ್ಣಾರೆ ನೋಡಬೇಕು. ಒಂದು ರಾತ್ರಿ ನೋಡಿದರೆ ಸಾಲದು, ಒಂದಕ್ಕಿಂತ ಹೆಚ್ಚು ರಾತ್ರಿ ಹೋಗಬೇಕು. ಕಂಡರೆ ಅದೇ ದಾಖಲೆ.

ಎಷ್ಟು ದೊಡ್ಡ ಮಾತು, ಯೋಚಿಸಿ. ಸೂರಿಲ್ಲದವರು ಕಚೇರಿಗೆ ಅಲೆಯುವುದಿಲ್ಲ. ಸರ್ಕಾರವೇ ರಾತ್ರಿ ಟಾರ್ಚು ಹಿಡಿದು ಅವರಿದ್ದಲ್ಲಿಗೆ ಬರುತ್ತದೆ. ಆಧಾರ್‌ನಲ್ಲಿಯೂ ಯಾವ ಕಾಗದವೂ ಇಲ್ಲದವರಿಗೆ ಪರಿಚಯಕಾರರ ಮೂಲಕ ನೋಂದಣಿ ಮಾಡುವ ಕ್ರಮ ತಂದರು. ಗೊತ್ತುಮಾಡಿದ ಒಬ್ಬರು ‘ಇವರನ್ನು ಬಲ್ಲೆ’ ಎಂದು ಹೊಣೆ ಹೊರುವುದು. ವೋಟಿಗೆ ಆಗುವ ಪದ್ಧತಿ ಮನೆಗೆ ಯಾಕೆ ಆಗಬಾರದು? ಪಿಂಚಣಿಗೆ ಯಾಕೆ ಆಗಬಾರದು? ಆಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಪಟ್ಟಣದ ದಾರಿ ನೋಡಿದೆವು. ಕಾಗದವಿಲ್ಲದೆ ಬಂದವರನ್ನು ಬರೆದುಕೊಳ್ಳುವ ಪದ್ಧತಿಗಳೂ ಇವೆ ಎಂದು ಕಂಡೆವು. ಈಗ ಹಳ್ಳಿಯ ದಾರಿ. ನಮ್ಮ ಮೂರು ತಾಲ್ಲೂಕುಗಳಲ್ಲಿ ಹೆಚ್ಚು ಜನಕ್ಕೆ ಸಂಬಂಧಪಟ್ಟದ್ದು ಇದೇ.

ಜನತಾ ಮನೆ, ಆಶ್ರಯ ಮನೆ ಎಂಬ ಮಾತು ಹಳಬರ ಬಾಯಲ್ಲಿ ಈಗಲೂ ಇದೆ. ಆಶ್ರಯ ಯೋಜನೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಆಯಿತು. ಈಗ ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ ಯೋಜನೆಗಳು ಅದರ ಮೂಲಕ ನಡೆಯುತ್ತವೆ. ಕೇಂದ್ರದ್ದು 2016ರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆ. ಬಯಲು ಸೀಮೆಯಲ್ಲಿ ಒಂದು ಮನೆಗೆ 1 ಲಕ್ಷ 20 ಸಾವಿರ ರೂಪಾಯಿ.

ಈ ಮನೆಗಳ ದಾಖಲೆ ಗ್ರಾಮ ಸಭೆಯಲ್ಲಿ ಶುರುವಾಗುತ್ತದೆ. ಪಂಚಾಯಿತಿಯಲ್ಲಿ ಎರಡು ಪಟ್ಟಿ ಇರುತ್ತವೆ. ಜಾಗ ಇದ್ದು ಮನೆ ಇಲ್ಲದವರದು ವಸತಿರಹಿತರ ಪಟ್ಟಿ. ಜಾಗವೂ ಇಲ್ಲದವರದು ನಿವೇಶನರಹಿತರ ಪಟ್ಟಿ. ಮೊದಲ ಪಟ್ಟಿಯವರಿಗೆ ಮನೆ ಬೇಗ ಬರುತ್ತದೆ. ಎರಡನೆಯ ಪಟ್ಟಿಯವರು ಕಾಯುತ್ತಾರೆ. ಎಲ್ಲಕ್ಕಿಂತ ಬಡವರು ಎಲ್ಲಕ್ಕಿಂತ ಹೆಚ್ಚು ಕಾಯುವ ಏರ್ಪಾಡು. ಅದಕ್ಕೆ ಕಾರಣ ಸರಳ. ಮನೆ ಮಂಜೂರು ಆಗಲು ಜಾಗದ ದಾಖಲೆ ಬೇಕು. ಜನ ಅದನ್ನು ನೈನ್ ಇಲೆವೆನ್ ಎನ್ನುತ್ತಾರೆ, ಅಂದರೆ ನಮೂನೆ 9 ಮತ್ತು 11. ಇಲ್ಲವೇ ಹಕ್ಕುಪತ್ರ. ಮಂಜೂರಾತಿಯ ಹೊತ್ತಿಗೆ ಈಗ ಇರುವ ಜಾಗದ ಫೋಟೊ, ಕಟ್ಟುವ ಜಾಗದ ಫೋಟೊ. ಆಮೇಲೆ ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೊ. ಫೋಟೊ ಹೋದರೆ ಕಂತು ಬ್ಯಾಂಕಿಗೆ ಬರುತ್ತದೆ.

ಈ ಫೋಟೊ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಹಿಂದೆ ಕಾಗದದಲ್ಲಿ ಎದ್ದು ನಿಂತ ಎಷ್ಟೋ ಮನೆಗಳು ನೆಲದ ಮೇಲೆ ಇರಲಿಲ್ಲ. ಒಂದೇ ಮನೆಗೆ ಎರಡು ಸಲ ಬಿಲ್ಲು ಎತ್ತುವುದು ಈಗ ಕಷ್ಟ. ಆದರೆ ಫೋಟೊ ತೆಗೆಯುವುದು ಪಂಚಾಯಿತಿಯ ಕೆಲಸ. ಅದು ತಡವಾದರೆ ಕಂತು ತಡ. ಕಂತು ತಡವಾದರೆ ಸಿಮೆಂಟು ಸಾಲ. ಅವಧಿ ಮೀರಿದರೆ ಮನೆ ಬ್ಲಾಕ್ ಆಗಿದೆ ಎನ್ನುತ್ತಾರೆ. ಅರ್ಧ ಗೋಡೆಯ ಪಕ್ಕ ಗುಡಿಸಲು ಹಾಕಿಕೊಂಡ ಸಂಸಾರ ನಿಮ್ಮ ಊರಿನಲ್ಲೂ ಇರಬಹುದು. ಫೋಟೊ ಯಾವ ದಿನ ತೆಗೆಯಬೇಕಿತ್ತು, ಯಾವ ದಿನ ತೆಗೆದರು, ಯಾಕೆ ತಡವಾಯಿತು, ಇದನ್ನೂ ಬರೆದಿಡಬೇಕು. ಫಲಾನುಭವಿಯ ತಡಕ್ಕೆ ದಾಖಲೆ ಇದೆ. ಕಚೇರಿಯ ತಡಕ್ಕೂ ಇರಲಿ.

ಇನ್ನೊಂದು ವಿಷಯ. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಯಾವ ಪ್ರಶ್ನೆಯೂ ಇಲ್ಲದೆ ನೇರವಾಗಿ ಸೇರಿಸಬೇಕಾದ ಕುಟುಂಬಗಳು ಎಂದು ಐದು ಗುಂಪು ಮಾಡಿದ್ದರು. ಮೊದಲನೆಯ ಗುಂಪೇ ಸೂರಿಲ್ಲದ ಕುಟುಂಬ. ಕೇಂದ್ರದ ಮನೆ ಯೋಜನೆಯ ಮೊದಲ ಪಟ್ಟಿ ಹುಟ್ಟಿದ್ದು ಆ ಗಣತಿಯಿಂದ. ನಿಯಮ ಅವರನ್ನು ಮುಂದೆ ನಿಲ್ಲಿಸಿದೆ. ಆದರೆ ಗಣತಿ ನಡೆದದ್ದು ಮನೆಮನೆಗೆ ಹೋಗಿ. ಮನೆಯೇ ಇಲ್ಲದವರ ಬಾಗಿಲನ್ನು ಎಲ್ಲಿ ತಟ್ಟುವುದು?

ಕೆಲವು ಕಡೆ ಊರಿಗೆ ಊರೇ ದಾಖಲೆಯಲ್ಲಿ ಇಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ಹಟ್ಟಿಗಳು, ತಾಂಡಾಗಳು ನಿಮಗೆ ಗೊತ್ತು. ರಾಜ್ಯದಲ್ಲಿ ಇಂಥ ಎಷ್ಟೋ ಹಟ್ಟಿ, ತಾಂಡಾ, ಮಜರೆಗಳು ತಲೆಮಾರುಗಳಿಂದ ಇದ್ದರೂ ಕಂದಾಯ ದಾಖಲೆಯಲ್ಲಿ ಗ್ರಾಮ ಎಂದು ಇರಲಿಲ್ಲ. ಗ್ರಾಮ ಇಲ್ಲದ ಮೇಲೆ ನಿವೇಶನ ಇಲ್ಲ, ನಿವೇಶನ ಇಲ್ಲದ ಮೇಲೆ ಹಕ್ಕುಪತ್ರ ಇಲ್ಲ, ಮನೆಯ ಸಾಲವೂ ಇಲ್ಲ. ಭೂಕಂದಾಯ ಕಾಯ್ದೆಗೆ 94ಸಿ, ಆಮೇಲೆ 94ಡಿ ಕಲಂಗಳು ಬಂದು ವಾಸವಿರುವವರಿಗೆ ಹಕ್ಕುಪತ್ರ ಕೊಡುವ ದಾರಿಯಾಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50 ಸಾವಿರ ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆದದ್ದು ಇದೇ ದಾರಿಯಲ್ಲಿ. ಅಲ್ಲಿಯೂ ಅದೇ ಪಾಠ. ಜನ ಕಾಗದ ತಂದಮೇಲೆ ಗ್ರಾಮ ಮಾಡುತ್ತೇವೆ ಎಂದಿದ್ದರೆ ಇನ್ನೂ ಕಾಯಬೇಕಿತ್ತು. ಕಂದಾಯ ಇಲಾಖೆಯೇ ಹೋಗಿ ಅಳತೆ ಮಾಡಿ ಬರೆಯಿತು.

ಹೀಗೆ ಪಟ್ಟಣದಲ್ಲಿ ಹಾಜರಿ ಪುಸ್ತಕ, ಹಳ್ಳಿಯಲ್ಲಿ ಗ್ರಾಮ ಸಭೆಯ ನಡಾವಳಿ ಮತ್ತು ಫೋಟೊ. ಎರಡು ಕಡೆಯೂ ಬರೆಯುವ ಕೈ ಸರ್ಕಾರದ್ದು ಎಂದು ಹೇಳಿದೆ. ಈಗ ಒಂದು ಎಚ್ಚರದ ಮಾತೂ ಬೇಕು. ಎಲ್ಲವನ್ನೂ ಬರೆದು ಎಲ್ಲರಿಗೂ ತೋರಿಸಬಾರದು.

ಕುಡಿದು ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದ ಹೆಂಗಸು ಆಶ್ರಯ ಗೃಹದಲ್ಲಿ ಇದ್ದಾಳೆ ಎನ್ನಿ. ಪುಸ್ತಕದಲ್ಲಿ ಆಕೆಯ ಹೆಸರಿದೆ. ಗಂಡ ಹುಡುಕಿಕೊಂಡು ಬಂದು ಕೇಳಿದರೆ? ಕೌಟುಂಬಿಕ ದೌರ್ಜನ್ಯ ಕಾಯ್ದೆಯ 2006ರ ನಿಯಮಗಳು ಇದಕ್ಕೆ ಉತ್ತರ ಕೊಟ್ಟಿವೆ. ಆಕೆ ಬೇಡ ಎಂದರೆ ಆಕೆ ಅಲ್ಲಿರುವ ಸಂಗತಿಯನ್ನು ಆಶ್ರಯ ಗೃಹ ಹೊರಗೆ ಬಿಡುವಂತಿಲ್ಲ. ದಾಖಲೆ ಇರಬೇಕು, ಬೀಗದೊಳಗೆ ಇರಬೇಕು. ಎಷ್ಟು ಜನ ಬಂದರು, ಎಷ್ಟು ಖರ್ಚಾಯಿತು ಎಂಬುದು ಊರಿಗೆಲ್ಲ ಗೊತ್ತಾಗಲಿ. ಯಾರು ಯಾಕೆ ಬಂದರು ಎಂಬುದು ಆಕೆಗೂ ಗೃಹದವರಿಗೂ ಮಾತ್ರ ಗೊತ್ತಿರಲಿ. ಬೀದಿಯಲ್ಲಿ ಮಲಗುವವರ ಪಟ್ಟಿಗೂ ಇದೇ ಮಾತು. ನೆರವಿಗೆಂದು ಬರೆದುಕೊಂಡ ಹೆಸರುಗಳನ್ನು ಹಿಡಿದು ಎತ್ತಂಗಡಿ ಮಾಡಲು ಬಳಸಿದರೆ, ಮುಂದಿನ ಸಲ ಯಾರೂ ಹೆಸರು ಹೇಳುವುದಿಲ್ಲ.

ಇನ್ನೊಂದು ಅಪಾಯ ಪುಸ್ತಕ ಕಳೆದುಹೋಗುವುದು. ನಗರ ಜೀವನೋಪಾಯ ಅಭಿಯಾನದ ಅವಧಿ 2024ರ ಸೆಪ್ಟೆಂಬರಿಗೆ ಮುಗಿಯಿತು. ಯೋಜನೆ ಮುಗಿದರೂ ಅದರಲ್ಲಿ ಬರೆದ ಹೆಸರುಗಳು ಮುಗಿಯುವುದಿಲ್ಲ. ಒಬ್ಬರು ಐದು ವರ್ಷ ತಂಗುದಾಣದಲ್ಲಿ ಇದ್ದರು ಎಂಬುದಕ್ಕೆ ಆ ಹಾಜರಿ ಪುಸ್ತಕ ಬಿಟ್ಟರೆ ಬೇರೆ ಸಾಕ್ಷಿ ಇಲ್ಲದಿರಬಹುದು. ನಾಳೆ ಅವರು ಮನೆಗೆ ಅರ್ಜಿ ಹಾಕಿದರೆ ಅದೇ ಆಧಾರ. ಅಮೆರಿಕದ ನಿಯಮ ಇಂಥ ದಾಖಲೆಗಳನ್ನು ಕೊನೆಯ ಹಣ ಖರ್ಚಾದ ಮೇಲೆ ಐದು ವರ್ಷ ಇಡಬೇಕು ಎನ್ನುತ್ತದೆ. ನಮ್ಮಲ್ಲಿ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆ 2010ರಲ್ಲಿ ಬಂದಿದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರತಿ ಕಚೇರಿಯೂ ದಾಖಲೆಗಳನ್ನು ಪಟ್ಟಿಮಾಡಿ ಜೋಡಿಸಿಡಬೇಕು ಎನ್ನುತ್ತದೆ. ತಂಗುದಾಣವನ್ನು ಒಂದು ಸಂಸ್ಥೆಯಿಂದ ಇನ್ನೊಂದು ಸಂಸ್ಥೆಗೆ ವಹಿಸುವಾಗ ಮಂಚ, ಕಂಬಳಿ ಎಣಿಸಿ ಕೊಡುವ ಹಾಗೆ ಪುಸ್ತಕಗಳನ್ನೂ ಎಣಿಸಿ ಸಹಿ ಹಾಕಿಸಿಕೊಳ್ಳಬೇಕು.

ಕೇಳುಗರೇ, ಸಮಯ ಮುಗಿಯುತ್ತಿದೆ. ಕೆಲವು ಕೆಲಸ ನಿಮ್ಮ ಕೈಯಲ್ಲೇ ಇವೆ. ಮುಂದಿನ ಗ್ರಾಮ ಸಭೆಗೆ ಹೋಗಿ. ನಿವೇಶನರಹಿತರ ಪಟ್ಟಿಯನ್ನು ಜೋರಾಗಿ ಓದಿಸಿ. ನಿಮ್ಮ ತೋಟದ ಶೆಡ್ಡಿನಲ್ಲಿ ಇರುವ ಸಂಸಾರದ ಹೆಸರು ಅದರಲ್ಲಿ ಇದೆಯೇ ಕೇಳಿ. ಇಲ್ಲದಿದ್ದರೆ ಸಭೆ ಮುಗಿಯುವ ಮೊದಲೇ ಸೇರಿಸಲು ಹೇಳಿ, ನಡಾವಳಿಯಲ್ಲಿ ಬರೆದದ್ದನ್ನು ಓದಿ ಕೇಳಿದ ಮೇಲೆ ಸಹಿ ಹಾಕಿ. ಪಟ್ಟಿಯಿಂದ ಯಾರನ್ನಾದರೂ ತೆಗೆದಿದ್ದರೆ ಕಾರಣ ಬರೆದಿದ್ದಾರೆಯೇ ನೋಡಿ. ಕಾರಣ ಬರೆಯದೆ ತೆಗೆದದ್ದನ್ನು ಒಪ್ಪಬೇಡಿ. ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಮೂವತ್ತು ದಿನದೊಳಗೆ ಪ್ರತಿ ಕೊಡಬೇಕು.

ಇನ್ನೂ ಒಂದು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅನ್ನು ಲೆಕ್ಕದ ದಿನವಾಗಿ ಸರ್ಕಾರ ಗೊತ್ತುಮಾಡಿದೆ. ಹಿಂದಿನ ಸಲದ ಕ್ರಮದಂತೆ ನಡೆದರೆ ಅದರ ಹಿಂದಿನ ರಾತ್ರಿ ಸೂರಿಲ್ಲದವರ ಎಣಿಕೆ. ಎಣಿಸಲು ಬರುವವರು ನಿಮ್ಮ ಊರಿನ ಶಾಲೆಯ ಮೇಷ್ಟ್ರು, ಮೇಡಂ, ಇಲ್ಲವೇ ಪಂಚಾಯಿತಿಯ ನೌಕರರು. ಅವರಿಗೆ ಎಲ್ಲ ಮೂಲೆಗಳೂ ಗೊತ್ತಿರುವುದಿಲ್ಲ. ನಿಮಗೆ ಗೊತ್ತು. ಯಾವ ಮಂಟಪದಲ್ಲಿ ಯಾರು ಮಲಗುತ್ತಾರೆ, ಸಂತೆ ಮೈದಾನದ ಹಿಂದೆ ಎಷ್ಟು ಟಾರ್ಪಾಲು ಇವೆ, ಬಾಣಸಂದ್ರದ ನಿಲ್ದಾಣದಲ್ಲಿ ಕೊನೆಯ ರೈಲು ಹೋದ ಮೇಲೆ ಯಾರು ಉಳಿಯುತ್ತಾರೆ. ಮೊದಲೇ ಬರೆದು ಅವರ ಕೈಗೆ ಕೊಡಿ. ಆಗುವುದಾದರೆ ಆ ರಾತ್ರಿ ನೀವೂ ಜೊತೆಗೆ ಹೋಗಿ, ಜಾಗ ತೋರಿಸಿ.